ಮಗಳ ಮಾಂಟೆಸ್ಸರಿ ಶಾಲೆ: ಒಂದು ವರ್ಷ ಕಳೆದ ಮೇಲೆ ಬರೆದದ್ದು

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಅಳತೆ ಕೊಡಲು ಬಂದವರು ಮೊದಲು ಕೇಳುವುದು ಯಾವತ್ತು ಕೊಡ್ತೀರಾ ಅಂತ. ಆಮೇಲೆ ಮಷಿನ್ ಪಕ್ಕ ಆಡುತ್ತಿರುವ ಮಗಳನ್ನು ನೋಡಿ, ಇವಳನ್ನ ಯಾವ ಸ್ಕೂಲಿಗೆ ಹಾಕಿದ್ದೀರಾ ಅಂತ. ಎಲ್ಲರಿಗೂ ಹೇಳಿ ಹೇಳಿ ಬಾಯಿ ನೋವು ಬಂದಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಶಾಲೆಯ ಹೆಸರು ಮಾತ್ರ ಹಾಕುವುದಿಲ್ಲ. ಇರುವುದೇ 22 ಮಕ್ಕಳು, ಜಾಗ ಇರುವುದೂ ಅಷ್ಟಕ್ಕೇ. ಜನ ಬಂದು ಬಾಗಿಲಲ್ಲಿ ನಿಂತರೆ ಇಲ್ಲ ಅನ್ನೋದು ಕಷ್ಟ ಅಂತ ಅಲ್ಲಿನ ಟೀಚರ್ ಅಕ್ಕನೇ ಬೇಡ ಅಂದಿದ್ದಾರೆ. ವಿದ್ಯಾನಗರದ ಕಡೆ, ಮುಂದೆ ಹೊಂಗೆ ಮರ ಇರುವ ಒಂದು ಹಳೇ ಮನೆ. ಮಾಂಟೆಸ್ಸರಿ ಅಂದರೆ ಮಕ್ಕಳು ಸಾಮಾನು ಹಿಡಿದು, ತಾವೇ ಮಾಡಿ ಕಲಿಯುವ ಪದ್ಧತಿ.

ಇದು ನಾವು ಮೊದಲು ಹಾಕಿದ ಶಾಲೆ ಅಲ್ಲ. ಮೊದಲನೆಯದಕ್ಕೆ ಅವಳು ಆರು ವಾರ ಹೋದಳು. ಗೋಡೆ ತುಂಬಾ ಕಾರ್ಟೂನ್, ಏಸಿ ಆಫೀಸು, ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವ ವಾಚ್‌ಮನ್. ನಾನೂ ಮರುಳಾದೆ. ತರಗತಿ ನಡೆಯುವಾಗ ಒಳಗೆ ಬಿಡುವುದಿಲ್ಲ ಅಂದರು. ಮಕ್ಕಳು ಹೋದ ಮೇಲೆ ಖಾಲಿ ಕೋಣೆ ತೋರಿಸಿದರು. ಅವತ್ತೇ ಅನುಮಾನ ಬರಬೇಕಿತ್ತು. ಮೂರು ವರ್ಷದ ಮಗುವಿಗೆ ದಿನಾ ಹೋಂವರ್ಕ್: ಒಂದು ಪುಟ ಸ್ಟ್ಯಾಂಡಿಂಗ್ ಲೈನ್, ಒಂದು ಪುಟ ಸ್ಲೀಪಿಂಗ್ ಲೈನ್. ನನ್ನ ಮಗಳ ಸ್ಟ್ಯಾಂಡಿಂಗ್ ಲೈನುಗಳೆಲ್ಲಾ ಅರ್ಧ ಪುಟಕ್ಕೆ ಬರುವಷ್ಟರಲ್ಲಿ ಮಲಗಿಬಿಡುತ್ತಿದ್ದವು. ಅವಳೂ ಪೆನ್ಸಿಲ್ ಹಿಡಿದುಕೊಂಡೇ ಮಲಗುತ್ತಿದ್ದಳು. ಅದಾದರೂ ನಗು ಬರಿಸುವ ವಿಷಯ. ಕೇಳದೆ ಜಾಗ ಬಿಟ್ಟು ಏಳಬಾರದು ಅಂತ ಹೇಳಿದ್ದರಂತೆ, ಕೇಳುವುದಕ್ಕೆ ಇವಳಿಗೆ ಭಯ. ಎರಡು ವರ್ಷಕ್ಕೇ ಬಾತ್‌ರೂಮ್ ಕಲಿತವಳು ಒದ್ದೆ ಚಡ್ಡಿಯಲ್ಲಿ ಮನೆಗೆ ಬರತೊಡಗಿದಳು. ಮೂರನೇ ಸಲಕ್ಕೆ ಬಿಡಿಸಿದೆ. ಕಟ್ಟಿದ ಫೀಸು ವಾಪಸ್ ಬರಲಿಲ್ಲ.

ಆಮೇಲೆ ಹುಷಾರಾಗಿ ಹುಡುಕಿದೆ. ಮನೆ ಹತ್ತಿರದ ಅಂಗನವಾಡಿಗೂ ಹೋಗಿ ಕೂತು ನೋಡಿದೆ. ಕಾರ್ಯಕರ್ತೆ ಬಹಳ ಒಳ್ಳೆಯವರು, ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ, ಹಾಡು ಹೇಳಿಸುತ್ತಾರೆ. ಆದರೆ ರಿಜಿಸ್ಟರ್ ಬರೆಯುವುದು, ಬಸುರಿ ಬಾಣಂತಿಯರ ಲೆಕ್ಕ, ಮೊಬೈಲಿನಲ್ಲಿ ಫೋಟೋ ಹಾಕುವುದು, ಎಲ್ಲಾ ಅವರ ತಲೆ ಮೇಲೇ. ಪಾಪ, ಕೂರಲಿಕ್ಕೂ ಪುರುಸೊತ್ತಿಲ್ಲ. ಇನ್ನೊಂದು ಕಡೆ ದೊಡ್ಡದಾಗಿ ಮಾಂಟೆಸ್ಸರಿ ಅಂತ ಬೋರ್ಡ್ ಇತ್ತು. ಒಳಗೆ ಹೋದರೆ ಬೆಂಚು, ಬೋರ್ಡು, ಕೋಲು. ಮಾಂಟೆಸ್ಸರಿಯವರ ಗುಲಾಬಿ ಗೋಪುರ ಅಂತ ಇರುತ್ತದೆ. 10 ಮರದ ಘನಗಳು, ದೊಡ್ಡದು 10 ಸೆಂಟಿಮೀಟರು, ಚಿಕ್ಕದು 1 ಸೆಂಟಿಮೀಟರು. ಮಕ್ಕಳು ಒಂದರ ಮೇಲೊಂದು ಜೋಡಿಸಬೇಕು. ಅಲ್ಲಿ ಅದು ಬೀರುವಿನ ತಲೆ ಮೇಲೆ ಗೊಂಬೆ ಕೂರಿಸಿದ ಹಾಗೆ ಇತ್ತು, ಮೇಲೆ ಧೂಳು. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು ಅಂತ ಆಮೇಲೆ ತಿಳಿಯಿತು. ಬೇರೆ ಊರಲ್ಲೆಲ್ಲಾ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡ್ ಹಾಕಿ ಎಣ್ಣೆ ದೋಸೆ ಕೊಡ್ತಾರಲ್ವಾ, ಹಾಗೆ.

ಹೊಂಗೆ ಮರದ ಮನೆಯಲ್ಲಿ ಅಕ್ಕ ಹೇಳಿದ್ದು ಒಂದೇ ಮಾತು: “ನಾಳೆ ಹತ್ತಕ್ಕೆ ಬನ್ನಿ, ಮೂಲೆಯಲ್ಲಿ ಕೂತ್ಕೊಳ್ಳಿ, ಮಾತಾಡಬೇಡಿ.” ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಚಿಕ್ಕ ಕುರ್ಚಿ. ಮುಕ್ಕಾಲು ಗಂಟೆ ಕೂತೆ.

ಎರಡೂವರೆ ವರ್ಷದ್ದೂ ಐದು ವರ್ಷದ್ದೂ ಒಂದೇ ಕೋಣೆಯಲ್ಲಿ. ಸಾಮಾನೆಲ್ಲಾ ಅವರ ಎದೆ ಮಟ್ಟದ ಕಪಾಟಿನಲ್ಲಿ. ಬೇಕಾದ್ದು ತಾವೇ ತೆಗೆದುಕೊಂಡು, ಚಾಪೆ ಹಾಸಿ, ಮುಗಿದ ಮೇಲೆ ಅಲ್ಲೇ ಇಡಬೇಕು. ಒಬ್ಬ ಹುಡುಗ ಒಂದು ಪುಟ್ಟ ಹೂಜಿಯಿಂದ ಗಾಜಿನ ಲೋಟಕ್ಕೆ ನೀರು ಬಗ್ಗಿಸುತ್ತಿದ್ದ. ನಾಲಗೆ ಹೊರಗೆ ಬಂದಿತ್ತು. ಅರ್ಧ ನೀರು ತಟ್ಟೆಗೆ ಚೆಲ್ಲಿತು. ನನಗೆ ಎದ್ದು ಹಿಡಿದುಕೊಳ್ಳುವಷ್ಟು ತವಕ. ಅಕ್ಕ ಎರಡೇ ಮಾರು ದೂರದಲ್ಲಿದ್ದರು, ನೋಡಿದರು, ಸುಮ್ನೆ ಇದ್ದರು. ಅವನು ಹೋಗಿ ಸ್ಪಂಜು ತಂದ, ಒರೆಸಿದ, ಬಕೆಟ್ಟಿಗೆ ಹಿಂಡಿದ, ಮತ್ತೆ ಮೊದಲಿಂದ ಶುರು ಮಾಡಿದ. ಐದು ಸಲ. ಐದನೇ ಸಲ ಒಂದು ಹನಿ ಚೆಲ್ಲಲಿಲ್ಲ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಅವನೂ ಯಾರ ಮುಖವನ್ನೂ ನೋಡಲಿಲ್ಲ. ನನ್ನ ಹತ್ತಿರ ಹೊಲಿಗೆ ಕಲಿಯಲು ಬರುವ ಹುಡುಗಿಯರು ಒಂದು ಸಲ ಕಾಜಾ ಹಾಕಿ “ಸರಿ ಇದೆಯಾ ಅಕ್ಕಾ” ಅಂತ ಹತ್ತು ಸಲ ಕೇಳುತ್ತಾರೆ. ಅವತ್ತೇ ಫಾರಂ ತುಂಬಿದೆ.

ಇನ್ನೊಂದು ನನ್ನ ಕಸುಬಿನ ವಿಷಯ. ಗುಂಡಿ, ಹುಕ್ಕು, ಜಿಪ್ಪು, ಲಾಡಿ ಕಟ್ಟುವುದನ್ನು ಕಲಿಯಲು ಮರದ ಚೌಕಟ್ಟುಗಳಿವೆ. ಒಂದೊಂದಕ್ಕೂ ಎರಡು ಪಾಲು ಬಟ್ಟೆ ಬಿಗಿದಿರುತ್ತಾರೆ, ನಡುವೆ ಗುಂಡಿ ಸಾಲು. ಹುಕ್ಕಿನ ಚೌಕಟ್ಟಿನ ಹೊಲಿಗೆ ನೋಡಿ ನನಗೆ ತಡೆಯಲಿಲ್ಲ. ಒಂಟಿ ದಾರ, ಗಂಟೂ ಸರಿಯಿಲ್ಲ. ಮನೆಗೆ ತಂದು ಬಿಚ್ಚಿ ಹೊಲಿದುಕೊಟ್ಟೆ. ಅದಕ್ಕೆ ಫೀಸೇನೂ ಕಡಿಮೆ ಮಾಡಲಿಲ್ಲ ಬಿಡಿ.

ಮಗಳು ಸೇರಿದ ತಿಂಗಳಲ್ಲೇ ಒಂದು ಎಡವಟ್ಟಾಯಿತು. ಫ್ರಾಕುಗಳನ್ನು ನಾನೇ ಹೊಲಿಯುವುದು, ಎರಡು ಜೇಬು ಇಡುತ್ತೇನೆ. ಒಂದಿನ ವಾಷಿಂಗ್ ಮಷಿನ್ ಒಳಗೆ ಕಟಕಟ ಸದ್ದು. ತೆಗೆದು ನೋಡಿದರೆ ಗುಲಾಬಿ ಗೋಪುರದ ತುದಿ, ಆ 1 ಸೆಂಟಿಮೀಟರಿನ ತುಂಡು. ಕಳ್ಳತನ ಅಂದುಕೊಂಡು ಬೈದೆ, ಅವಳೂ ಅತ್ತಳು. ಮರುದಿನ ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತೆ. ಅಕ್ಕ ಅವಳ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು, “ನಿನ್ನೆ ಎಲ್ಲರೂ ಇದನ್ನ ಹುಡುಕಿದ್ವಿ. ಹೋಗಿ ಅದರ ಜಾಗದಲ್ಲಿ ಇಟ್ಟು ಬರ್ತೀಯಾ?” ಅಂದರು, ಅಷ್ಟೇ. ಅವಳು ಹೋಗಿ ಉಳಿದ ಒಂಬತ್ತೂ ಜೋಡಿಸಿ, ಕೊನೆಗೆ ಅದನ್ನಿಟ್ಟಳು. ಬೈದಿದ್ದಕ್ಕೆ ನನಗೇ ನಾಚಿಕೆಯಾಯಿತು. ಈಗಲೂ ಜೇಬು ಇಡುತ್ತೇನೆ, ಒಗೆಯುವ ಮುಂಚೆ ಕೈ ಹಾಕಿ ನೋಡುತ್ತೇನೆ.

ನಮ್ಮ ಮಾವನಿಗೆ ಮಾತ್ರ ಸಮಾಧಾನ ಇಲ್ಲ. ಕಾಟನ್ ಮಿಲ್ಲಿನಲ್ಲಿ ದುಡಿದವರು. “ಇದು ದುಡ್ಡಿದ್ದೋರ ಮಕ್ಕಳ ಸ್ಕೂಲು, ಆಟ ಆಡ್ಸೋಕೆ ದುಡ್ಡು ಕೊಡ್ತೀರಲ್ಲ” ಅಂತ. ಆದರೆ ಈ ಪದ್ಧತಿ ಶುರು ಮಾಡಿದ ಮಾರಿಯಾ ಮಾಂಟೆಸ್ಸರಿ ಒಬ್ಬ ಡಾಕ್ಟರು. 1907ರಲ್ಲಿ ರೋಮ್ ಊರಿನ ಬಡ ಕೂಲಿಯವರ ಕೇರಿಯಲ್ಲಿ, ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಮೆಟ್ಟಿಲ ಮೇಲೆ ಅಲೆಯುತ್ತಿದ್ದ ಮಕ್ಕಳಿಗಾಗಿ ಮೊದಲ ಶಾಲೆ ತೆರೆದರು. 1939ರಲ್ಲಿ ಮದರಾಸಿಗೂ ಬಂದು, ಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದಿದ್ದರು. ಇದನ್ನೆಲ್ಲಾ ಹೇಳಿದರೆ ಮಾವ “ಹಂಗಾದ್ರೆ ಫೀಸು ಯಾಕೆ ಜಾಸ್ತಿ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವರ್ಷಕ್ಕೆ 36 ಸಾವಿರ, ಎರಡು ಕಂತು. ದೀಪಾವಳಿ ಬ್ಲೌಸುಗಳ ದುಡ್ಡು ಪೂರಾ ಅಲ್ಲಿಗೇ.

ಮಾವನ ಇನ್ನೊಂದು ದೂರು, ಅ ಆ ಇ ಈ ಹೇಳೋಕೇ ಬರಲ್ಲ ಅಂತ. ನಿಜ, ಸಾಲಾಗಿ ಹೇಳಲು ಬರುವುದಿಲ್ಲ. ಇವರು ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯ ಹಾಗೆ ರ, ಗ, ಸ, ದ, ಅ ಇಂದ ಶುರು ಮಾಡುತ್ತಾರೆ. ಬರೆಯುವುದಕ್ಕೂ ಮೊದಲು ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಬೆರಳು ಆಡಿಸುತ್ತಾರೆ. ಒಂದು ಸಂಜೆ ಮಾವ ಖಾರ ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ಇವಳು ಅವರ ಎಡಗೈ ಎಳೆದುಕೊಂಡು ಅಂಗೈ ಮೇಲೆ ಬೆರಳಲ್ಲಿ ನಿಧಾನಕ್ಕೆ ಬರೆದಳು. ಸ. ರ. ಮಾವ ಓದಿದರು, “ಸರ.” ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ “ಇಂಗ್ಲಿಷು ಯಾವಾಗ?” ಅಂದರು.

ಇಂಗ್ಲಿಷಿನಲ್ಲಿ ಹಾಡು, ಮಾತು ಇದೆ. ಬರೆಸುವುದು ತಡ. ಮೂರು ವರ್ಷಕ್ಕೇ ಎ ಬಿ ಸಿ ಬರೆಯಲೇಬೇಕು ಅನ್ನುವವರು ಇಲ್ಲಿ ಹಾಕಬೇಡಿ, ದಿನಾ ಜಗಳ ಆಗುತ್ತದೆ. ಒಂದನೇ ಕ್ಲಾಸಿಗೆ ಆರು ವರ್ಷ ಅಂತ 2020ರ ಶಿಕ್ಷಣ ನೀತಿಯೇ ಹೇಳಿರುವಾಗ ನನಗಂತೂ ಅವಸರ ಇಲ್ಲ.

ತೊಂದರೆಗಳೂ ಇವೆ. ವ್ಯಾನ್ ಇಲ್ಲ. ಹನ್ನೆರಡೂವರೆಗೆ ಬಿಟ್ಟುಬಿಡುತ್ತಾರೆ, ಅಂಗಡಿ ಬಾಗಿಲು ಎಳೆದು ಸ್ಕೂಟಿಯಲ್ಲಿ ಓಡಬೇಕು. ಶನಿವಾರ ರಜೆ. ಸ್ಕೂಲ್ ಡೇ ಇಲ್ಲ, ಡ್ಯಾನ್ಸ್ ಇಲ್ಲ, ನಮ್ಮ ಅತ್ತೆಗೆ ಅದೇ ದೊಡ್ಡ ಬೇಜಾರು. ಏಪ್ರಿಲ್ ಬಿಸಿಲಿಗೆ ಆ ಹಳೇ ಮನೆಯ ಶೀಟಿನ ಕೋಣೆ ಕಾದ ಹೆಂಚು, ಒಂದು ಕೂಲರ್ ಸಾಲದು. ಹೇಳಿದ್ದೇನೆ, ನೋಡೋಣ ಅಂದಿದ್ದಾರೆ.

ಬೆಳಗಿನ ಪಾಡು ಬೇರೆ. ಈಗ ಎಲ್ಲಾ ಅವಳೇ ಮಾಡಬೇಕು. ಫ್ರಾಕಿಗೆ ಐದು ಗುಂಡಿ, ಹತ್ತು ನಿಮಿಷ. ನಾನು ಕೈ ಹಾಕಿದರೆ ಬಿಚ್ಚಿ ಮೊದಲಿಂದ ಹಾಕುತ್ತಾಳೆ. ತಡೆಯಲಾರದೆ ಎರಡು ಫ್ರಾಕಿಗೆ ಗುಂಡಿ ತೆಗೆದು ಜಿಪ್ ಹಾಕಿಬಿಟ್ಟೆ. ಅಕ್ಕ ಜಿಪ್ ನೋಡಿದರು, ನನ್ನನ್ನು ನೋಡಿದರು, ನಕ್ಕರು. ಮತ್ತೆ ಗುಂಡಿ ಹಚ್ಚಿದ್ದೇನೆ, ಅರ್ಧ ಗಂಟೆ ಮುಂಚೆ ಏಳುತ್ತಿದ್ದೇವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೂಲರ್ ಬಂದರೆ ನಾಲ್ಕೂವರೆ. ಅಡ್ಮಿಷನ್ ಫೆಬ್ರವರಿಯಲ್ಲಿ ಶುರು. ವಿಳಾಸ ಬೇಕಾದವರು ಅಂಗಡಿಗೇ ಬನ್ನಿ, ಆದರೆ ಒಂದರಿಂದ ಮೂರರವರೆಗೆ ಬೇಡ. ಆ ಹೊತ್ತಿಗೆ ಅವಳು ಮಷಿನ್ ಹಿಂದೆ ಲೈನಿಂಗ್ ಬಟ್ಟೆ ಮೇಲೆ ಮಲಗಿರುತ್ತಾಳೆ.