ಜಕಾತ್ ಲೆಕ್ಕದ ಆ್ಯಪ್, ಉಮ್ಮನ ಮೂವತ್ತು ಪವನ್

ಈ ರಂಜಾನಿಗೆ ಮೊದಲ ಸಲ ಜಕಾತ್ (ಮುಸ್ಲಿಮರು ಸಂಪತ್ತಿನಿಂದ ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನ) ಲೆಕ್ಕಕ್ಕೆ ಆ್ಯಪ್ ಹಾಕಿಕೊಂಡೆ. ಹೆಸರು ಬರೆಯುವುದಿಲ್ಲ. ಇಂಥವು ಸುಮಾರಿವೆ, ನೋಡೋಕೂ ಎಲ್ಲ ಒಂದೇ ಥರ: ಹಸಿರು ಬಣ್ಣ, ಮೇಲೊಂದು ಚಂದ್ರ, ಕೆಳಗೆ ‘ಲೆಕ್ಕ ಹಾಕಿ’ ಅಂತ ಬಟನ್. ಇಷ್ಟು ವರ್ಷ ಮಂಗಳೂರಿಗೆ ಹೋದಾಗ ಮಸೀದಿಯ ಉಸ್ತಾದರ ಹತ್ತಿರ ಕೂತು ಒಂದು ಚೀಟಿಯಲ್ಲಿ ಲೆಕ್ಕ ಬರೆಸಿಕೊಂಡು ಬರುತ್ತಿದ್ದೆ. ಈ ಸಲ ರಜೆ ಸಿಗಲಿಲ್ಲ.

ಚೆನ್ನಾಗಿರೋದನ್ನ ಮೊದಲು ಹೇಳಿಬಿಡ್ತೀನಿ. ಚಿನ್ನ, ಬೆಳ್ಳಿಯ ಆ ದಿನದ ರೇಟು ತಾನೇ ತಂದುಕೊಳ್ಳುತ್ತೆ. ಹೋದ ವರ್ಷದ ಲೆಕ್ಕ ಉಳಿಸಿಡುತ್ತೆ. ಹಿಜ್ರಿ ವರ್ಷ 354 ದಿನದ್ದು ಅಲ್ವಾ, ನೀವು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಲೆಕ್ಕ ಇಡೋರಾದರೆ ಜಕಾತಿನ ದರ ಶೇ 2.5 ಅನ್ನೋದನ್ನ ಸುಮಾರು 2.577ಕ್ಕೆ ಏರಿಸಿ ತೋರಿಸುತ್ತೆ. ಇದು ನನ್ನ ಚೀಟಿಯಲ್ಲಿ ಯಾವತ್ತೂ ಇರಲಿಲ್ಲ, ಮೆಚ್ಚಿದೆ.

ಇನ್ನು ತಕರಾರು. ನಮ್ಮ ಮನೆಯಲ್ಲಿ ಎರಡು ಮದ್ಹಬ್, ಅಂದರೆ ಧರ್ಮಶಾಸ್ತ್ರದ ಎರಡು ಪಂಥ. ನಾನು, ಉಮ್ಮ (ಅಮ್ಮ) ಬ್ಯಾರಿಗಳು, ಅಂದರೆ ಶಾಫಿಈ. ಹೆಂಡತಿ ದಾವಣಗೆರೆಯವಳು, ಹನಫಿ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ, ಘಟ್ಟ ಹತ್ತಿದರೆ ಹೆಚ್ಚಿನವರು ಹನಫಿ. ನಮಾಜಿನಲ್ಲಿ ಕೈ ಕಟ್ಟೋ ಜಾಗ ಸ್ವಲ್ಪ ಬೇರೆ ಅನ್ನೋದು ಬಿಟ್ಟರೆ ಹತ್ತು ವರ್ಷದಲ್ಲಿ ಇದು ನಮಗೆ ದೊಡ್ಡ ವಿಷಯವೇ ಆಗಿರಲಿಲ್ಲ. ಆ್ಯಪ್ ಬಂದ ಮೇಲೆ ಆಯಿತು.

ಉಮ್ಮನ ಹತ್ತಿರ 30 ಪವನ್ ಇದೆ, 240 ಗ್ರಾಂ. ಹಾಕಿದೆ. ಆ್ಯಪ್ ಒಂದು ಕ್ಷಣವೂ ಯೋಚಿಸದೆ 6 ಗ್ರಾಂ ಚಿನ್ನದ ಬೆಲೆ ಜಕಾತ್ ಕೊಡಿ ಅಂದಿತು. ನಲವತ್ತರಲ್ಲಿ ಒಂದು ಪಾಲು, ಗಣಿತ ಸರಿ. ಉಮ್ಮನಿಗೆ ತೋರಿಸಿದರೆ ಕೈಬಳೆ ಮುಂದೆ ಚಾಚಿ, “ಮದುವೆಯಾದಾಗಿನಿಂದ ಕೈಯಲ್ಲೇ ಇರೋದಕ್ಕೆ ಜಕಾತಾ ಮೋನೆ? ಇದು ಯಾವ ಉಸ್ತಾದ್ ಹತ್ತಿರ ಓದಿದ್ದಂತೆ ಕೇಳು” ಅಂದರು.

ಕೇಳೋಣ ಅಂದರೆ ಆ್ಯಪಿನಲ್ಲಿ ಎಲ್ಲೂ ಬರೆದಿಲ್ಲ. ಸೆಟ್ಟಿಂಗ್ಸ್ ಒಳಗೆ, ಭಾಷೆ, ಕರೆನ್ಸಿ ಎಲ್ಲ ದಾಟಿದ ಮೇಲೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಒಡವೆ ಸೇರಿಸಿ: ಹೌದು’ ಅಂತ ಒಂದು ಸ್ವಿಚ್. ಅದನ್ನ ಆಫ್ ಮಾಡಿದರೆ ಉಮ್ಮನ 6 ಗ್ರಾಂ ಸೊನ್ನೆ. ಆ ಒಂದು ಸ್ವಿಚ್ ಹಿಂದೆ ಸಾವಿರಕ್ಕೂ ಜಾಸ್ತಿ ವರ್ಷದ ವಾದ ಇದೆ, ಆ್ಯಪ್ ಮಾಡಿದವರು ಅದನ್ನ ಡಾರ್ಕ್ ಮೋಡ್ ಪಕ್ಕದಲ್ಲಿ ಇಟ್ಟಿದ್ದಾರೆ!

ವಾದ ಏನಂದರೆ, ಹನಫಿಗಳ ಪ್ರಕಾರ ಚಿನ್ನ ಚಿನ್ನವೇ, ಕೈಯಲ್ಲಿರಲಿ ಪೆಟ್ಟಿಗೆಯಲ್ಲಿರಲಿ ಜಕಾತ್ ಇದೆ. ಅವರು ಎತ್ತಿ ತೋರಿಸೋದು ಅಬೂ ದಾವೂದ್ ಸಂಗ್ರಹದ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ): ಒಬ್ಬ ಹೆಂಗಸು ಮಗಳ ಜೊತೆ ಪ್ರವಾದಿಯವರ ಹತ್ತಿರ ಬಂದಳು, ಮಗಳ ಕೈಯಲ್ಲಿ ಎರಡು ದಪ್ಪ ಚಿನ್ನದ ಬಳೆ. ಇದರ ಜಕಾತ್ ಕೊಡ್ತೀಯಾ ಅಂತ ಕೇಳಿದರು. ಇಲ್ಲ ಅಂದಳು. ಹಾಗಾದರೆ ಕಿಯಾಮತ್ತಿನ (ಅಂತಿಮ ತೀರ್ಪಿನ) ದಿನ ಬೆಂಕಿಯ ಬಳೆ ತೊಡೋದು ನಿನಗೆ ಇಷ್ಟವಾ ಅಂದಾಗ ಅವಳು ಬಳೆ ತೆಗೆದು ಕೊಟ್ಟೇಬಿಟ್ಟಳು. ಶಾಫಿಈ, ಮಾಲಿಕಿ, ಹಂಬಲಿಗಳು ಹೆಚ್ಚಾಗಿ ಹೇಳೋದು ಬೇರೆ: ತೊಡೋ ಒಡವೆ ಬಟ್ಟೆಬರೆ ಇದ್ದ ಹಾಗೆ, ಬೆಳೆಯೋ ಆಸ್ತಿ ಅಲ್ಲ, ಅದಕ್ಕೆ ಜಕಾತ್ ಇಲ್ಲ. ಬಳೆಯ ಹದೀಸ್ ಬಗ್ಗೆ ಹದೀಸ್ ಸಂಗ್ರಹಿಸಿದ ಇಮಾಮ್ ತಿರ್ಮಿದಿಯವರೇ ಈ ವಿಷಯದಲ್ಲಿ ಗಟ್ಟಿಯಾದ ವರದಿ ಯಾವುದೂ ಇಲ್ಲ ಅಂದುಬಿಟ್ಟಿದ್ದಾರೆ. ಇವರ ಆಧಾರ ಇಮಾಮ್ ಮಾಲಿಕರ ಮುವತ್ತಾ ಅನ್ನೋ ಗ್ರಂಥದಲ್ಲಿದೆ: ಪ್ರವಾದಿಯವರ ಪತ್ನಿ ಆಯಿಶಾ ಅವರು ಸಹೋದರನ ಅನಾಥ ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು, ಆ ಮಕ್ಕಳ ಒಡವೆಗೆ ಜಕಾತ್ ತೆಗೆಯುತ್ತಿರಲಿಲ್ಲ. ಅದಕ್ಕೆ ಹನಫಿಗಳ ಉತ್ತರವೂ ರೆಡಿ: ಅವರು ಮಕ್ಕಳು, ಮಕ್ಕಳ ಚಿನ್ನಕ್ಕೆ ಜಕಾತೇ ಇಲ್ಲವಲ್ಲ. ಶಾಫಿಈಗಳು ಬಿಡ್ತಾರಾ? ಮಕ್ಕಳ ಆಸ್ತಿಗೂ ಜಕಾತ್ ಇದೆ, ಪೋಷಕರು ಕೊಡಬೇಕು ಅಂತಾರೆ. (ಇದರಿಂದ ನನ್ನ ಮಗಳ ಸೇವಿಂಗ್ಸ್ ಖಾತೆಯೂ ಲೆಕ್ಕಕ್ಕೆ ಬಂತು. ಆ್ಯಪಿನಲ್ಲಿ ಮಕ್ಕಳಿಗೆ ಜಾಗವೇ ಇಲ್ಲ.)

ಉಸ್ತಾದರಿಗೆ ಫೋನ್ ಮಾಡಿದೆ. ಅವರು ಆ್ಯಪ್ ಏನು ಹೇಳಿತು ಅಂತ ಕೇಳಲೇ ಇಲ್ಲ. ಕೇಳಿದ್ದು ಇಷ್ಟೇ: “ಉಮ್ಮ ಅದರಲ್ಲಿ ಯಾವುದನ್ನ ಹಾಕ್ಕೊಳ್ತಾರೆ, ಯಾವುದನ್ನ ಕೂಡಿಟ್ಟಿದ್ದಾರೆ?” ನಾನು ಉಮ್ಮನ ಮುಖ ನೋಡಿದೆ. ಉಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, 12 ಪವನ್ ಲಾಕರಿನಲ್ಲಿದೆ, ಮೊಮ್ಮಗಳ ಮದುವೆಗೆ ಅಂತ ಇಟ್ಟಿದ್ದು, ಒಂದು ಸಲವೂ ತೊಟ್ಟಿಲ್ಲ ಅಂದರು. ಮಗಳಿಗೆ ಈಗ ಆರು ವರ್ಷ. ಉಸ್ತಾದರು ಹೇಳಿದರು: ತೊಡೋ 18 ಪವನಿಗೆ ನಮ್ಮಲ್ಲಿ ಜಕಾತ್ ಇಲ್ಲ, ಕೂಡಿಡಬೇಕು ಅಂತಲೇ ಇಟ್ಟದ್ದಕ್ಕೆ ಇದೆ. 12 ಪವನ್ ಅಂದರೆ 96 ಗ್ರಾಂ. 22 ಕ್ಯಾರೆಟ್ ಆದ್ದರಿಂದ ಶುದ್ಧ ಚಿನ್ನ 88 ಗ್ರಾಂ, 85 ಗ್ರಾಂ ನಿಸಾಬ್ (ಜಕಾತ್ ಕಡ್ಡಾಯವಾಗೋ ಕನಿಷ್ಠ ಮಿತಿ) ದಾಟಿತು. ಕೊಡಬೇಕಾದ್ದು 2.4 ಗ್ರಾಂ. ಆ್ಯಪಿನ ಸ್ವಿಚ್ ಆನ್ ಇದ್ದರೆ 6, ಆಫ್ ಇದ್ದರೆ ಸೊನ್ನೆ. 2.4 ಬರೋ ದಾರಿಯೇ ಅದರಲ್ಲಿಲ್ಲ.

ಆಮೇಲೆ ಉಸ್ತಾದರು ಇನ್ನೊಂದು ವಿಷಯ ಹೇಳಿದರು. ತೊಡೋದಾದರೂ ಅತಿಯಾದರೆ ವಿನಾಯಿತಿ ಹೋಗುತ್ತೆ, ಹಳೇ ಶಾಫಿಈ ಕಿತಾಬುಗಳಲ್ಲಿ ಅದಕ್ಕೆ ಕೊಡೋ ಉದಾಹರಣೆ 200 ದೀನಾರ್ (ಹಳೇ ಚಿನ್ನದ ನಾಣ್ಯ, 4.25 ಗ್ರಾಂ) ತೂಕದ ಕಾಲ್ಗಡಗ. ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ, 850 ಗ್ರಾಂ, ನೂರು ಪವನಿಗೂ ಜಾಸ್ತಿ. ಇವತ್ತಿನ ಕೆಲವು ಮದುವೆ ಹಾಲ್‌ಗಳಲ್ಲಿ ಅದೇನೂ ಕಥೆ ಅನಿಸಲ್ಲ ಬಿಡಿ. ಇಮಾಮ್ ಶಾಫಿಈ ಅವರಿಗೇ ಒಡವೆ ವಿಷಯದಲ್ಲಿ ಎರಡು ಮನಸ್ಸಿತ್ತಂತೆ, ಈ ಬಗ್ಗೆ ಅಲ್ಲಾಹನಲ್ಲಿ ಇಸ್ತಿಖಾರ (ಸರಿದಾರಿ ತೋರಿಸು ಅಂತ ಪ್ರಾರ್ಥನೆ) ಮಾಡ್ತೀನಿ ಅಂದಿದ್ದರಂತೆ. ಆ್ಯಪಿಗೆ ಮಾತ್ರ ಒಂದೇ ಮನಸ್ಸು.

ಹೆಂಡತಿಯದ್ದು ಬೇರೆ ಕಥೆ. ಅವಳ ಕಡೆ ಲೆಕ್ಕ ತೊಲದಲ್ಲಿ. 9 ತೊಲ ಇದೆ ಅಂದಳು, ಹಾಗೇ ಹಾಕಿದೆ. ಆ್ಯಪ್ 105 ಗ್ರಾಂ ಅಂತ ತೋರಿಸಿತು. ಆಭರಣದಂಗಡಿಯವರು ಈಗ ತೊಲ ಅನ್ನೋದು 10 ಗ್ರಾಮಿಗೆ, ಆ್ಯಪ್ ಹಿಡಿದದ್ದು ಹಳೇ ತೊಲ, 11.664 ಗ್ರಾಂ. ಏಳೂವರೆ ತೊಲ ಅಂದರೆ 87.48 ಗ್ರಾಂ ಚಿನ್ನ ಅನ್ನೋ ಅವಳ ಕಡೆಯ ನಿಸಾಬ್ ಬಂದದ್ದೂ ಅದೇ ಹಳೇ ತೊಲದಿಂದ, ಬೆಳ್ಳಿಗೆ 52.5 ತೊಲ, 612.36 ಗ್ರಾಂ. ದಯವಿಟ್ಟು ಗ್ರಾಮಿನಲ್ಲೇ ಹಾಕಿ. ಅವಳದ್ದು 90 ಗ್ರಾಂ, ಅವಳ ಮದ್ಹಬಿನಲ್ಲಿ ತೊಟ್ಟದ್ದಕ್ಕೂ ಜಕಾತ್, 2.25 ಗ್ರಾಂ. ಅವಳು ಚಕಾರ ಎತ್ತದೆ ಕೊಟ್ಟಳು, ಉಮ್ಮನ ಕಡೆ ಒಂದು ನೋಟ ಬೀರಿ.

ನಿಜವಾಗಿ ಕೋಪ ಬಂದದ್ದು ‘ಕುಟುಂಬ’ ಅನ್ನೋ ಆಯ್ಕೆಗೆ. ಮೂವರ ಚಿನ್ನ, ದುಡ್ಡು ಎಲ್ಲ ಒಂದೇ ಪಾತ್ರೆಗೆ ಸುರಿದು ನನ್ನ ಹೆಸರಿಗೆ ಬಿಲ್ ಮಾಡುತ್ತೆ. ಅಲ್ರೀ, ಹೆಂಡತಿಯ ಒಡವೆ ಹೆಂಡತಿಯದ್ದು, ಜಕಾತೂ ಅವಳ ಮೇಲಿನ ಕರ್ತವ್ಯ. ನಾನು ಅವಳ ಪರವಾಗಿ ಕೊಡಬಹುದು, ಅದು ಬೇರೆ. ನಿಸಾಬ್ ನೋಡೋದು ಒಬ್ಬೊಬ್ಬರದ್ದು ಬೇರೆ ಬೇರೆ. ಇದರಲ್ಲಿ ಹಳಬರು, ಹೊಸಬರು ಅಂತ ಜಗಳವೇನೂ ಇಲ್ಲ.

ನನ್ನ ಲೆಕ್ಕಕ್ಕೆ ಬಂದರೆ, ಮನೆ ಸಾಲ ಪೂರ್ತಿ ಹಾಕಿದ ತಕ್ಷಣ ‘ನಿಮಗೆ ಜಕಾತ್ ಅನ್ವಯಿಸುವುದಿಲ್ಲ’ ಅಂತ ಬಂತು. (ಬ್ಯಾಂಕ್ ಸಾಲ, ಬಡ್ಡಿ, ಆ ಜಗಳ ಇಲ್ಲಿ ಬೇಡ.) ಇಪ್ಪತ್ತು ವರ್ಷದ ಕಂತು ಇಟ್ಟುಕೊಂಡು ಬ್ಯಾಂಕಿನಲ್ಲಿ ದುಡ್ಡೂ ಇರೋ ನನಗೆ ಜಕಾತ್ ಇಲ್ಲ, ಸಾಲ ಇಲ್ಲದ ಉಮ್ಮನಿಗೆ ಮಾತ್ರ ಇದೆ! ಹನಫಿಗಳಲ್ಲಿ ಸಾಲ ಕಳೆಯೋದು ಹಳೇ ಕ್ರಮ ನಿಜ, ಆದರೆ ಆಗ ಇಪ್ಪತ್ತು ವರ್ಷದ ಇಎಂಐ ಎಲ್ಲಿತ್ತು? ಈಗಿನ ಅನೇಕ ವಿದ್ವಾಂಸರು ಸದ್ಯ ಕಟ್ಟಬೇಕಾದ ಕಂತುಗಳನ್ನ ಮಾತ್ರ ಕಳೀರಿ ಅಂತಾರೆ. ಶಾಫಿಈಗಳ ಬಲವಾದ ಅಭಿಪ್ರಾಯದಲ್ಲಂತೂ ಸಾಲ ಇದೆ ಅಂತ ಜಕಾತ್ ತಪ್ಪಲ್ಲ. ಕೊಟ್ಟೆ.

ನಿಸಾಬ್ ಬೆಳ್ಳಿಯದ್ದೋ ಚಿನ್ನದ್ದೋ ಅನ್ನೋ ಆಯ್ಕೆ ಮಾತ್ರ ಎದುರಿಗೇ ಇದೆ, ಒಳ್ಳೇದು. ಪ್ರವಾದಿಯವರ ಕಾಲದಲ್ಲಿ 20 ದೀನಾರ್ ಚಿನ್ನ, 200 ದಿರ್ಹಮ್ ಬೆಳ್ಳಿ ಹೆಚ್ಚುಕಡಿಮೆ ಒಂದೇ ಬೆಲೆ. ಈಗ ಚಿನ್ನದ ನಿಸಾಬ್ ಬೆಳ್ಳಿಯದ್ದಕ್ಕಿಂತ ಏಳೆಂಟು ಪಟ್ಟೋ ಅದಕ್ಕೂ ಜಾಸ್ತಿಯೋ ದುಬಾರಿ. ಬಡವರಿಗೆ ಲಾಭ ಅಂತ ನಮ್ಮ ದೇಶದ ಹನಫಿ ಮುಫ್ತಿಗಳು ಹೆಚ್ಚಾಗಿ ಬೆಳ್ಳಿ ಹಿಡೀತಾರೆ. 2022ರಲ್ಲಿ ತೀರಿಕೊಂಡ ವಿದ್ವಾಂಸ ಯೂಸುಫ್ ಅಲ್ ಖರದಾವಿ ಚಿನ್ನವೇ ಸರಿ ಅಂದವರು, ಬೆಳ್ಳಿಯ ಬೆಲೆ ಬಿದ್ದುಹೋಗಿದೆ, ಅಷ್ಟು ಇದ್ದವನನ್ನ ಶ್ರೀಮಂತ ಅನ್ನೋಕಾಗಲ್ಲ ಅಂತ. ಸಂಬಳಕ್ಕೆ ವರ್ಷ ತುಂಬೋದನ್ನ ಕಾಯಬೇಡಿ, ಕೈಗೆ ಬಂದಾಗಲೇ ಕೊಡಿ ಅಂದವರೂ ಅವರೇ. ಆ್ಯಪಿನಲ್ಲಿ ‘ತಿಂಗಳ ಸಂಬಳದ ಜಕಾತ್’ ಅಂತ ಒಂದು ಬಟನ್ ಇದೆ. ಅದು ಈ ಹೊಸ ಅಭಿಪ್ರಾಯ ಅಂತ ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು?

ದುಡ್ಡು ಕಟ್ಟೋ ಪುಟದಲ್ಲಿ ‘ಟಿಪ್’ ಅಂತ ಮೊದಲೇ ಟಿಕ್ ಹಾಕಿಟ್ಟಿದ್ದಾರೆ, ನೋಡಿ ತೆಗೀರಿ. ಶಾಲೆ ಕಟ್ಟಡಕ್ಕೂ ಜಕಾತ್ ಕೊಡಬಹುದು ಅಂತ ಅಲ್ಲಿ ಹಾಕಿದ್ದಾರೆ. ಜಕಾತ್ ಯಾರಿಗೆ ಸೇರಬೇಕು ಅಂತ ಕುರಾನ್ ಹೇಳೋ ಎಂಟು ಬಾಬ್ತುಗಳಲ್ಲಿ ‘ಅಲ್ಲಾಹನ ಮಾರ್ಗ’ ಅನ್ನೋದನ್ನ ಈಗಿನ ಕೆಲವರು ಅಷ್ಟು ಅಗಲ ಮಾಡಿದ್ದಾರೆ, ಹಳೇ ಧರ್ಮಶಾಸ್ತ್ರ, ಅಂದರೆ ಫಿಕ್ಹ್‌ನಲ್ಲಿ ಹೆಚ್ಚಿನವರು ಒಪ್ಪಲ್ಲ. ನಾನು ಊರಲ್ಲೇ ಗುರುತಿರೋ ಸಾಲಗಾರನೊಬ್ಬನಿಗೆ ನೇರ ಕಳಿಸಿದೆ. ಸಾಲದಲ್ಲಿ ಮುಳುಗಿದವರು ಎಂಟರಲ್ಲಿ ಒಂದು ಬಾಬ್ತು, ಅದರಲ್ಲಿ ಯಾರದ್ದೂ ತಕರಾರಿಲ್ಲ.

5ಕ್ಕೆ ಎರಡೂವರೆ ಸ್ಟಾರ್. ರೇಟು ನೋಡೋಕೆ, ತಾರೀಕು ನೆನಪಿಟ್ಟುಕೊಳ್ಳೋಕೆ ಇಟ್ಟುಕೊಂಡಿದ್ದೀನಿ. ಉಮ್ಮನ ಹೆಸರಲ್ಲಿ 6 ಗ್ರಾಂ ಬಾಕಿ ಇದೆ ಅಂತ ಈಗಲೂ ದಿನಾ ಸಂಜೆ ನೋಟಿಫಿಕೇಶನ್ ಬರುತ್ತೆ, ಅದನ್ನ ನಿಲ್ಲಿಸೋ ಸ್ವಿಚ್ ಎಲ್ಲಿದೆ ಅಂತ ಗೊತ್ತಿದ್ದವರು ಹೇಳಿ.