ಸಪೋರ್ಟ್ ಕೋಆರ್ಡಿನೇಟರ್ ನಮ್ಮವರೇ ಅಂತ ಕಣ್ಣು ಮುಚ್ಚಿ ಸಹಿ ಹಾಕಬೇಡಿ

ಆಸ್ಟ್ರೇಲಿಯಾದಲ್ಲಿ ಎನ್‌ಡಿಐಎಸ್ (ಅಂಗವೈಕಲ್ಯ ಇರುವವರ ಸೇವೆಗಳಿಗೆ ಸರ್ಕಾರ ದುಡ್ಡು ಕೊಡುವ ಯೋಜನೆ) ಪ್ಲಾನ್ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರೂ ಹೇಳುವುದಿಲ್ಲ. ದೂರು ಕೊಟ್ಟಾಗಿದೆ, ಅದರ ಪಾಡಿಗೆ ಅದು ನಡೆಯಲಿ.

ನಾವಿರುವುದು ಮೆಲ್ಬರ್ನ್‌ನ ಪಶ್ಚಿಮದ ಕಡೆ. ಮಗನಿಗೆ ಆಟಿಸಂ. ಆಗ ಅವನಿಗೆ 17 ವರ್ಷ. ಮಾತು ಕಡಿಮೆ. ಗದ್ದಲ ಆದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾನೆ. ನೀರು ಅಂದರೆ ಮಾತ್ರ ಪ್ರಾಣ. 2023ರ ಯುಗಾದಿ ಊಟದಲ್ಲಿ ಒಬ್ಬರ ಪರಿಚಯವಾಯಿತು. ಸಪೋರ್ಟ್ ಕೋಆರ್ಡಿನೇಟರ್ ಅಂತೆ. "ಅಕ್ಕಾ, ನೀವು ತಲೆ ಕೆಡಿಸ್ಕೋಬೇಡಿ, ಎಲ್ಲಾ ನಾನು ನೋಡ್ಕೋತೀನಿ" ಅಂದರು. ಅವರ ಹೆಂಡತಿ ನನ್ನ ಎಲೆಗೆ ಎರಡನೇ ಹೋಳಿಗೆ ಹಾಕಿದರು. ಪರದೇಶದಲ್ಲಿ ನಮ್ಮ ಭಾಷೆಯಲ್ಲಿ ಯಾರಾದರೂ ಹಾಗೆ ಹೇಳಿದರೆ ಎಷ್ಟು ಹಗುರ ಅನಿಸುತ್ತದೆ ಅನ್ನುವುದು ನಿಮಗೂ ಗೊತ್ತು. ಆ ವಾರವೇ ಸಹಿ ಹಾಕಿದೆವು.

ಕೋಆರ್ಡಿನೇಟರ್ ಕೆಲಸ ಏನು? ಪ್ಲಾನ್‌ನಲ್ಲಿರುವ ದುಡ್ಡಿಗೆ ಯಾವ ಸೇವೆ ಸಿಗುತ್ತದೆ, ಯಾರು ಕೊಡುತ್ತಾರೆ ಅಂತ ಹುಡುಕಿ ನಮ್ಮ ಮುಂದೆ ಇಡುವುದು. ಆರಿಸಿಕೊಳ್ಳುವುದು ನಾವು, ಅಂದರೆ ನಮ್ಮ ಮಗ. ಇವರು ಇಟ್ಟಿದ್ದು ಒಂದೇ ಹೆಸರು. ಗುರುವಾರ ಮತ್ತು ಶನಿವಾರ ಗುಂಪಾಗಿ ಹೊರಗೆ ಕರೆದುಕೊಂಡು ಹೋಗುವ ಕಾರ್ಯಕ್ರಮ. ಬೌಲಿಂಗ್, ಶಾಪಿಂಗ್ ಸೆಂಟರ್, ಮತ್ತೆ ಬೌಲಿಂಗ್. ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಹುಡುಗನನ್ನು ಬೌಲಿಂಗ್‌ಗೆ! ಈಜು ಕಲಿಸುವವರು ಯಾರಾದರೂ ಇದ್ದಾರಾ ಅಂತ ನಾಲ್ಕು ಸಲ ಕೇಳಿದೆ. "ವೇಟಿಂಗ್ ಲಿಸ್ಟ್ ಉದ್ದ ಇದೆ ಅಕ್ಕಾ." ಬೇರೆಯವರನ್ನು ನೋಡೋಣ ಅಂದರೆ, "ಮಧ್ಯೆ ಬದಲಾಯಿಸಿದ್ರೆ ಮುಂದಿನ ಪ್ಲಾನ್‌ನಲ್ಲಿ ದುಡ್ಡು ಕಡಿತ ಮಾಡ್ತಾರೆ." ನಾನು ನಂಬಿದೆ.

ಎಂಟನೇ ತಿಂಗಳಲ್ಲಿ ಪ್ಲಾನ್ ಮ್ಯಾನೇಜರ್, ಅಂದರೆ ಪ್ಲಾನ್ ದುಡ್ಡಿನಿಂದ ಬಿಲ್ ಪಾಸ್ ಮಾಡುವವರ ಕಡೆಯಿಂದ ಇಮೇಲ್ ಬಂತು. 12 ತಿಂಗಳಿಗೆ ಇದ್ದ ದುಡ್ಡು ಇನ್ನು ಮೂರು ವಾರಕ್ಕೆ ಮಾತ್ರ ಸಾಲುತ್ತದೆ ಅಂತ. ಪುಣ್ಯಕ್ಕೆ ಪ್ಲಾನ್ ಮ್ಯಾನೇಜರ್ ಬೇರೆ ಕಂಪನಿಯವರು. ಅದೂ ಇವರದೇ ಆಗಿದ್ದರೆ ಬಿಲ್ ಹಾಕುವವರು, ಬಿಲ್ ಪಾಸ್ ಮಾಡುವವರು ಎಲ್ಲಾ ಒಂದೇ ಮನೆಯವರಾಗುತ್ತಿದ್ದರು.

ಅವತ್ತು ರಾತ್ರಿ ಇನ್‌ವಾಯ್ಸ್‌ಗಳನ್ನೆಲ್ಲ ಹರವಿಕೊಂಡು ಕೂತೆ. ಪ್ರತಿ ಇನ್‌ವಾಯ್ಸ್ ಮೇಲೂ 11 ಅಂಕಿಯ ಎಬಿಎನ್, ಅಂದರೆ ವ್ಯಾಪಾರದ ಗುರುತಿನ ಸಂಖ್ಯೆ ಇರುತ್ತದೆ. ಎಬಿಎನ್ ಲುಕ್‌ಅಪ್ ಅನ್ನುವ ಸರ್ಕಾರಿ ತಾಣದಲ್ಲಿ ಅದನ್ನು ಹಾಕಿದರೆ ವ್ಯಾಪಾರ ಯಾರ ಹೆಸರಿನಲ್ಲಿದೆ ಅಂತ ಬಿಟ್ಟಿಯಾಗಿ ನೋಡಬಹುದು. ಹಾಕಿದೆ. ಹೋಳಿಗೆ ಬಡಿಸಿದವರ ಹೆಸರು ಬಂತು.

ಮದುವೆ ದಲ್ಲಾಳಿ ತನ್ನ ತಮ್ಮನನ್ನೇ ತೋರಿಸಿ, ಊರಲ್ಲಿ ಬೇರೆ ಗಂಡೇ ಇಲ್ಲ ಅಂದ ಹಾಗಾಯಿತು. ಇನ್ನೂ ಒಂದಿದೆ, ಇದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ಉರಿಯೂ ಬರುತ್ತದೆ. ಕೋಆರ್ಡಿನೇಟರ್ ಬಿಲ್‌ನಲ್ಲಿ ಎರಡು ವಾರಕ್ಕೊಮ್ಮೆ "ಸೇವೆ ಕೊಡುವವರ ಜೊತೆ ಮಾತುಕತೆ, ಒಂದೂವರೆ ಗಂಟೆ" ಅಂತ ಇತ್ತು. ಗಂಟೆಗೆ 100.14 ಡಾಲರ್. ಅಂದರೆ ಹೆಂಡತಿ ಜೊತೆ ಮಾತಾಡಿದ್ದಕ್ಕೆ ನನ್ನ ಮಗನ ದುಡ್ಡು.

ಕೇಳಿದೆ. "ಇದರಲ್ಲಿ ಕಾನೂನಿಗೆ ವಿರುದ್ಧ ಏನಿದೆ ಅಕ್ಕಾ?" ಅಂದರು. ನಿಜ ಹೇಳಬೇಕಂದರೆ, ತಮ್ಮವರ ಸೇವೆಯನ್ನು ತೋರಿಸುವುದೇ ತಪ್ಪು ಅಂತಲ್ಲ. ದೂರದ ಊರುಗಳಲ್ಲಿ ಒಂದೇ ಸಂಸ್ಥೆ ಎಲ್ಲವನ್ನೂ ಮಾಡಬೇಕಾಗಿ ಬರುತ್ತದೆ. ಆದರೆ ಸಂಬಂಧ ಇದೆ ಅಂತ ಮೊದಲೇ ಬಾಯಿಬಿಟ್ಟು ಹೇಳಬೇಕು. ಬೇರೆ ಹೆಸರುಗಳನ್ನೂ ಕೊಡಬೇಕು. ಪೇಪರ್‌ನವರು ಹಿತಾಸಕ್ತಿ ಸಂಘರ್ಷ ಅನ್ನುವುದು ಇದಕ್ಕೇ. ಪ್ರಾಮಾಣಿಕವಾಗಿ, ಮುಚ್ಚುಮರೆ ಇಲ್ಲದೆ ನಡೆದುಕೊಳ್ಳಬೇಕು ಅಂತ ಎನ್‌ಡಿಐಎಸ್ ನಡತೆ ಸಂಹಿತೆಯಲ್ಲೇ ಇದೆ. ಸೇವೆ ಕೊಡುವವರಲ್ಲಿ ನೋಂದಣಿ ಆಗದವರಿಗೂ ಅದು ಅನ್ವಯಿಸುತ್ತದೆ.

ಹಾಗಾಗಿ ಸಹಿ ಹಾಕುವ ಮೊದಲು ಇಮೇಲ್‌ನಲ್ಲಿ ಕೇಳಿ, ಫೋನಿನಲ್ಲಿ ಬೇಡ. "ನೀವು ತೋರಿಸುವ ಸೇವೆಗಳಲ್ಲಿ ನಿಮಗೆ ಅಥವಾ ನಿಮ್ಮ ಮನೆಯವರಿಗೆ ಪಾಲು, ಸಂಬಳ, ಕಮಿಷನ್ ಏನಾದರೂ ಇದೆಯಾ?" ಕೇಳಿದರೆ ಬೇಜಾರಾಗ್ತಾರೆ ಅನಿಸುತ್ತದೆ, ಅಲ್ವಾ? ನನಗೂ ಅನಿಸಿತ್ತು. ಸರ್ವಿಸ್ ಅಗ್ರಿಮೆಂಟ್‌ನಲ್ಲಿ ಬಿಟ್ಟುಹೋಗಲು ಎಷ್ಟು ದಿನದ ನೋಟಿಸ್ ಕೊಡಬೇಕು ಅಂತಲೂ ನೋಡಿಕೊಳ್ಳಿ. ನಮ್ಮದರಲ್ಲಿ 28 ದಿನ ಇತ್ತು. ಆ 28 ದಿನವೂ ಬಿಲ್ ಬಂತು.

ದೂರು ಕೊಡುವುದು ಸೇವೆ ಕೊಡುವವರ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎನ್‌ಡಿಐಎಸ್ ಕ್ವಾಲಿಟಿ ಅಂಡ್ ಸೇಫ್‌ಗಾರ್ಡ್ಸ್ ಕಮಿಷನ್‌ಗೆ, 1800 035 544. ಇಂಗ್ಲಿಷ್ ಕಷ್ಟವಾದರೆ 131 450ಕ್ಕೆ ಮಾಡಿ ದುಭಾಷಿ ಬೇಕು ಅನ್ನಿ. ಇನ್‌ವಾಯ್ಸ್, ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ನನಗೆ ಕೊನೆಗೆ ಉಪಯೋಗಕ್ಕೆ ಬಂದಿದ್ದು ಅವೇ.

ಹೊಸ ಕೋಆರ್ಡಿನೇಟರ್‌ಗೆ ಕನ್ನಡ ಬರುವುದಿಲ್ಲ. ಮೊದಲ ವಾರವೇ ಈಜು ಕಲಿಸುವ ಮೂವರ ಹೆಸರು ಕಳಿಸಿದರು. ಈ ಮೂವರಿಗೂ ನಮಗೂ ಯಾವ ಸಂಬಂಧವೂ ಇಲ್ಲ ಅಂತ ಕೆಳಗೆ ಒಂದು ಸಾಲು ಬರೆದಿದ್ದರು. ವೇಟಿಂಗ್ ಲಿಸ್ಟ್ ಇದ್ದಿದ್ದು ಒಬ್ಬರ ಹತ್ತಿರ ಮಾತ್ರ.

ಈ ಸಲದ ಯುಗಾದಿ ಊಟಕ್ಕೆ ಹೋಗುವುದಾ ಬೇಡವಾ ಅಂತ ನಮ್ಮ ಯಜಮಾನರು ಕೇಳುತ್ತಿದ್ದಾರೆ. ಹೋಗೋಣ ಅಂದಿದ್ದೇನೆ. ಅಲ್ಲಿಗೆ ಬರುವವರಲ್ಲಿ ಇನ್ನೂ ನಾಲ್ಕು ಮನೆಯವರು ಆ ಹಳೆಯ ಕೋಆರ್ಡಿನೇಟರ್ ಹತ್ತಿರವೇ ಇದ್ದಾರೆ.