ಅಪ್ಪನಿಗೂ ಬೇಡ, ಊರಿಗೂ ಬೇಡ: ಸೆಬಾಸ್ಟಿಯನ್ ಬ್ಯಾರಿಯ ‘ಎ ಲಾಂಗ್ ಲಾಂಗ್ ವೇ’

2005ರ ಬೂಕರ್ ಅಂತಿಮ ಪಟ್ಟಿಯಲ್ಲಿದ್ದ ಈ ಐರಿಷ್ ಕಾದಂಬರಿಯಲ್ಲಿ ಮೊದಲ ಮಹಾಯುದ್ಧದ ಕಂದಕ, ಇಲಿ, ಕೆಸರು ಎಲ್ಲವೂ ಇವೆ. ಆದರೆ ಅಸಲಿ ಜಗಳ ನಡೆಯುವುದು ಅಪ್ಪ-ಮಗನ ಕಾಗದಗಳಲ್ಲಿ.

ವಿಲ್ಲಿ ಡನ್ ಡಬ್ಲಿನ್ ಪೊಲೀಸ್ ಅಧಿಕಾರಿಯ ಮಗ. ಅಪ್ಪ ಗೋಡೆಗೆ ನಿಲ್ಲಿಸಿ ಎಷ್ಟು ಸಲ ಅಳೆದರೂ ಹುಡುಗ ಆರಡಿ ಮುಟ್ಟಲಿಲ್ಲ. ಪೊಲೀಸ್ ಕೆಲಸ ತಪ್ಪಿತು, ಬ್ರಿಟಿಷ್ ಸೈನ್ಯದ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಎಂಬ ಕಾಲಾಳು ಪಡೆ ಸೇರಿದ. ಅವನು ಮೆಚ್ಚಿದ ಹುಡುಗಿ ಗ್ರೆಟ್ಟಾಳ ಅಪ್ಪನೋ 1913ರ ಕಾರ್ಮಿಕ ಹೋರಾಟದ ಹೊತ್ತಿನಲ್ಲಿ ಅದೇ ಪೊಲೀಸರ ಲಾಠಿ ಏಟು ತಿಂದವನು. ಇಷ್ಟರಲ್ಲೇ ಗಂಟು ಬಿದ್ದಾಯಿತು.

ಕಾದಂಬರಿಯ ಜೀವ ಇರುವುದು 1916ರ ಈಸ್ಟರ್ ಹೊತ್ತಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್ನಿನಲ್ಲಿ ಎದ್ದ ದಂಗೆಯ ಭಾಗದಲ್ಲಿ. ರಜೆ ಮುಗಿಸಿ ಹಡಗು ಹತ್ತಬೇಕಾದ ಸಿಪಾಯಿಗಳನ್ನು ತಿರುಗಿಸಿ ಡಬ್ಲಿನ್ ಬೀದಿಗೇ ಇಳಿಸುತ್ತಾರೆ. ಗುಂಡು ಹಾರಿಸುತ್ತಿರುವವರು ಜರ್ಮನರೇ ಇರಬೇಕು ಎಂದು ವಿಲ್ಲಿ ನಂಬಿರುತ್ತಾನೆ. ಕಣ್ಣೆದುರು ಪ್ರಾಣ ಬಿಡುವವನು ತನ್ನದೇ ನಾಡಿನ ಎಳೆಯ ಹುಡುಗ. ಆ ಮರುಕ ಅಪ್ಪನಿಗೆ ಬರೆದ ಕಾಗದದಲ್ಲಿ ನುಸುಳುತ್ತದೆ. ರಾಜನಿಷ್ಠ ಅಪ್ಪ ಮುಖ ತಿರುಗಿಸಲು ಅಷ್ಟು ಸಾಕು. ಬ್ಯಾರಿ ಇಲ್ಲಿ ಭಾಷಣ ಬಿಗಿಯುವುದಿಲ್ಲ, ಅದೇ ದೊಡ್ಡತನ.

ಹಿನ್ನೆಲೆ ತಿಳಿಯದೆ ಹೊರಟರೆ ಮಧ್ಯದಲ್ಲಿ ದಾರಿ ತಪ್ಪುತ್ತದೆ. ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಕಾನೂನು 1914ರ ಸೆಪ್ಟೆಂಬರಿನಲ್ಲಿ ಪಾಸಾಯಿತು, ಯುದ್ಧದ ನೆಪದಲ್ಲಿ ತಡೆಹಿಡಿಯಲಾಯಿತು. ಅದು ಕೈಗೆ ಬರಲಿ ಎಂದು ಐರಿಷ್ ರಾಷ್ಟ್ರೀಯವಾದಿ ನಾಯಕ ಜಾನ್ ರೆಡ್ಮಂಡ್ ಮಾತು ಕೇಳಿ ಸೈನ್ಯ ಸೇರಿದವರು ಒಂದು ಕಡೆ, ಅದು ಬರಲೇಬಾರದು ಎಂದು ಸೇರಿದ, ಐರ್ಲೆಂಡಿನ ಉತ್ತರ ಪ್ರಾಂತ್ಯ ಅಲ್ಸ್ಟರಿನ ಬ್ರಿಟನ್ ನಿಷ್ಠರು ಇನ್ನೊಂದು ಕಡೆ, ಇಬ್ಬರನ್ನೂ ಒಪ್ಪದೆ ದಂಗೆ ಎದ್ದವರು ಮತ್ತೊಂದು ಕಡೆ. ದಂಗೆಯ ಮುಂದಾಳುಗಳನ್ನು ಮೇ ತಿಂಗಳಲ್ಲಿ ಗುಂಡಿಕ್ಕಿ ಕೊಂದ ಮೇಲೆ ಜನರ ಮನಸ್ಸು ತಿರುಗಿತು. ಹುರ್ರೇ ಎಂದು ಬೀಳ್ಕೊಟ್ಟ ಊರೇ ಸಮವಸ್ತ್ರ ಕಂಡರೆ ಉಗಿಯತೊಡಗಿತು. ಈ ಮೂರು ಬಣಗಳನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೇ ಇಟ್ಟುಕೊಂಡರೆ ಒಳ್ಳೆಯದು.

1918ರಲ್ಲಿ ಇಂದಿನ ಇಸ್ರೇಲಿನ ಹೈಫಾದಲ್ಲಿ ಬ್ರಿಟಿಷರ ಪರವಾಗಿ ಕಾದಿದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಹೆಮ್ಮೆಪಡುವ ನಮ್ಮೂರಿನವರಿಗೆ ಈ ಇಕ್ಕಟ್ಟು ಪೂರ್ತಿ ಹೊಸದೇನಲ್ಲ.

ಕೊರತೆಗಳಿವೆ. ಉಪಮೆಗಳ ಮೇಲೆ ಉಪಮೆ ಪೇರಿಸುವ ಚಟ ಬ್ಯಾರಿಗೆ. ಮೊದಲ ವಿಷಾನಿಲ ದಾಳಿ, ಕಂದಕ ಬಿಟ್ಟು ಕದಲದ ಕ್ಯಾಪ್ಟನ್ ಪಾಸ್ಲಿ, ಇವು ಮೈ ನಡುಗಿಸುತ್ತವೆ. ಆಮೇಲೆ ಕಂದಕ, ರಜೆ, ಮತ್ತೆ ಕಂದಕ ಎಂದು ಕಥೆ ಸುತ್ತುತ್ತದೆ. ಗ್ರೆಟ್ಟಾ ಕೊನೆಗೂ ಅರ್ಧ ಬರೆದ ಪಾತ್ರ.

ಇಂಗ್ಲಿಷ್ ಕಾದಂಬರಿಯ ಅಭ್ಯಾಸ ಕಡಿಮೆ ಇದ್ದವರು ಜೆನಿಫರ್ ಜಾನ್ಸ್ಟನ್ ಅವರ ‘ಹೌ ಮೆನಿ ಮೈಲ್ಸ್ ಟು ಬ್ಯಾಬಿಲಾನ್?’ (1974) ಮೊದಲು ಓದಲಿ. ಜಮೀನ್ದಾರರ ಮಗ ಅಲೆಕ್, ಆಳಿನ ಕೆಲಸದ ಜೆರಿ, ಇವರ ಗೆಳೆತನಕ್ಕೆ ಸೈನ್ಯದ ದರ್ಜೆ ಅಡ್ಡ ಬರುವ ಕಥೆ. ತೆಳ್ಳಗಿನ ಪುಸ್ತಕ, ವಾಕ್ಯಗಳೂ ಬಿಗಿ. ಮೈಸೂರಿನ ಅಂಗಡಿಗಳಲ್ಲಿ ಇವೆರಡೂ ಕಪಾಟಿನಲ್ಲೇ ಕಾಣುವ ಪುಸ್ತಕಗಳಲ್ಲ. ಶೀರ್ಷಿಕೆಯ ಜೊತೆ ಲೇಖಕರ ಹೆಸರನ್ನೂ ಬರೆಸಿ ತರಿಸಿಕೊಳ್ಳಿ.